ಒಳಾಂಗಣ ಬೆಳೆಗೆ ಪ್ರಖರ ದೀಪ: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಒಳಾಂಗಣದಲ್ಲಿ ಗಿಡ ಬೆಳೆಸಲು ದೀಪ ಕೊಳ್ಳಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ವ್ಯಾಟ್‌ನ ದೀಪ ಬೇಕು?’ ಎಂದು. ನಿಜಕ್ಕೂ ಅದು ಕಟ್ಟಕಡೆಗೆ ಉತ್ತರ ಸಿಗಬೇಕಾದ ಪ್ರಶ್ನೆ. ಯಾವ ಗಿಡ, ಎಷ್ಟು ಜಾಗ, ದಿನಕ್ಕೆ ಎಷ್ಟು ಗಂಟೆ ಬೆಳಕು ಎಂಬ ಮೂರು ವಿಷಯ ಗೊತ್ತಾದ ಮೇಲೆ, ಎಲೆಯ ಮಟ್ಟದಲ್ಲಿ ಎಷ್ಟು ಬೆಳಕು ಬೀಳಬೇಕೆಂದು ಲೆಕ್ಕ ಹಾಕಬಹುದು. ಆ ಲೆಕ್ಕದಿಂದ ದೀಪ ಹೊರಸೂಸಬೇಕಾದ ಬೆಳಕು, ಅದರಿಂದ ದೀಪದ ಬಗೆ, ಕೊನೆಗೆ ವ್ಯಾಟ್ ತಾನಾಗಿಯೇ ಹೊರಬರುತ್ತದೆ. ಈ ಕ್ರಮ ತಪ್ಪಿದರೆ ಎರಡರಲ್ಲಿ ಒಂದು ಆಗುತ್ತದೆ: ಬೆಳಕು ಸಾಲದೆ ಗಿಡ ಸೊರಗಿ ಸಣಕಲಾಗಿ ಉದ್ದಕ್ಕೆ ಬೆಳೆಯುತ್ತದೆ, ಇಲ್ಲವೇ ಗಿಡ ಬಳಸಿಕೊಳ್ಳದ ಬೆಳಕಿಗಾಗಿ ವರ್ಷಗಟ್ಟಲೆ ವಿದ್ಯುತ್ ಬಿಲ್ ಕಟ್ಟಬೇಕಾಗುತ್ತದೆ.

ಎಲ್ಲರಿಗೂ ಪ್ರಖರ ದೀಪ ಬೇಕಿಲ್ಲ ಎಂಬುದನ್ನೂ ಆರಂಭದಲ್ಲೇ ಹೇಳಬೇಕು. ಜರೀಗಿಡ, ಮನಿಪ್ಲಾಂಟ್, ಆಫ್ರಿಕನ್ ವಯಲೆಟ್‌ನಂತಹವು ಮರಗಳ ನೆರಳಲ್ಲಿ ಬೆಳೆದು ಬಂದ ಜಾತಿಗಳು. ಒಂದು ಸಾಧಾರಣ ಎಲ್‌ಇಡಿ ಪಟ್ಟಿಯೇ ಅವಕ್ಕೆ ಸಾಕು, ಹೆಚ್ಚು ಬೆಳಕು ಕೊಟ್ಟರೆ ಅವುಗಳ ಎಲೆ ಸುಟ್ಟುಹೋಗುತ್ತದೆ. ಟೊಮೆಟೊ, ಮೆಣಸಿನಕಾಯಿ, ಸೌತೆ, ಸ್ಟ್ರಾಬೆರಿ, ಗುಲಾಬಿಯಂತೆ ಹೂ ಬಿಟ್ಟು ಕಾಯಿ ಕಟ್ಟುವ ಅಥವಾ ಬಯಲಿನ ಬಿಸಿಲಿಗೆ ಒಗ್ಗಿದ ಗಿಡಗಳನ್ನು ಕಿಟಕಿಯ ಬೆಳಕಿಲ್ಲದ ಕೋಣೆಯಲ್ಲಿ ಬೆಳೆಸುವವರಿಗೆ ಮುಂದಿನ ಲೆಕ್ಕವೆಲ್ಲ ಬೇಕಾಗುತ್ತದೆ.

ಲ್ಯೂಮೆನ್ ಬೇಡ, ಫೋಟಾನ್ ಎಣಿಸಿ

ಮನೆದೀಪಗಳ ಪೆಟ್ಟಿಗೆಯ ಮೇಲೆ ಲ್ಯೂಮೆನ್ ಎಂಬ ಅಳತೆ ಇರುತ್ತದೆ. ಅದು ಮನುಷ್ಯನ ಕಣ್ಣಿಗೆ ತೋರುವ ಬೆಳಕಿನ ಅಳತೆ. ನಮ್ಮ ಕಣ್ಣು ಹಗಲಿನಲ್ಲಿ 555 ನ್ಯಾನೋಮೀಟರ್ ಸುತ್ತಮುತ್ತಲಿನ ಹಸಿರುಹಳದಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ, ಕಡುಕೆಂಪು ಮತ್ತು ಕಡುನೀಲಿಗೆ ಬಹಳ ಕಡಿಮೆ. ಆದ್ದರಿಂದ ಗಿಡಕ್ಕೆ ಬಹಳ ಉಪಯುಕ್ತವಾದ 660 ನ್ಯಾನೋಮೀಟರ್‌ನ ಕೆಂಪು ಬೆಳಕನ್ನು ಧಾರಾಳವಾಗಿ ಸೂಸುವ ದೀಪವೂ ಲ್ಯೂಮೆನ್ ಲೆಕ್ಕದಲ್ಲಿ ಮಂಕಾಗಿ ಕಾಣಬಹುದು. ದ್ಯುತಿಸಂಶ್ಲೇಷಣೆಗೆ ಒದಗುವುದು ಮುಖ್ಯವಾಗಿ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು. ಆ ವ್ಯಾಪ್ತಿಯಲ್ಲಿ ಬರುವ ಫೋಟಾನ್‌ಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಎಣಿಸುವುದೇ ಬೆಳೆಗಾರರ ಪದ್ಧತಿ. ಫೋಟಾನ್‌ಗಳ ಸಂಖ್ಯೆ ಅಗಾಧವಾದ್ದರಿಂದ ಅವನ್ನು ಮೈಕ್ರೋಮೋಲ್‌ಗಳಲ್ಲಿ ಹೇಳುತ್ತಾರೆ. ಡಜನ್‌ನಂತೆ ಮೋಲ್ ಕೂಡ ಒಂದು ನಿಗದಿತ ಎಣಿಕೆಯ ಹೆಸರು, ಆದರೆ ಅಗಾಧವಾದದ್ದು; ಮೈಕ್ರೋಮೋಲ್ ಅದರ ಹತ್ತು ಲಕ್ಷದಲ್ಲಿ ಒಂದು ಭಾಗ.

ಇಲ್ಲಿ ಮೂರು ಅಳತೆಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು. ದೀಪವು ಒಂದು ಸೆಕೆಂಡಿನಲ್ಲಿ ಎಲ್ಲ ದಿಕ್ಕಿಗೂ ಹೊರಸೂಸುವ ಒಟ್ಟು ಫೋಟಾನ್‌ಗಳು ಪಿಪಿಎಫ್. ಅವುಗಳಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಬಂದು ಬೀಳುವಷ್ಟು ಪಿಪಿಎಫ್‌ಡಿ. ಇಡೀ ದಿನದಲ್ಲಿ ಆ ಚದರ ಮೀಟರ್‌ಗೆ ಬಿದ್ದ ಒಟ್ಟು ಮೊತ್ತ ಡಿಎಲ್‌ಐ, ಇದನ್ನು ಮೋಲ್‌ಗಳಲ್ಲಿ ಹೇಳುತ್ತಾರೆ. ಮಳೆಯ ಮಾತಿನಲ್ಲಿ ಹೇಳುವುದಾದರೆ ಪಿಪಿಎಫ್‌ಡಿ ಎಂದರೆ ಈ ಕ್ಷಣದ ಮಳೆಯ ಬಿರುಸು, ಡಿಎಲ್‌ಐ ಎಂದರೆ ಸಂಜೆ ಮಳೆಮಾಪಕದಲ್ಲಿ ನಿಂತ ನೀರು. ಅರ್ಧ ಗಂಟೆ ಜೋರಾಗಿ ಸುರಿದದ್ದೂ ಇಡೀ ದಿನ ಜಿಟಿಜಿಟಿ ಹನಿದದ್ದೂ ಮಾಪಕದಲ್ಲಿ ಒಂದೇ ಮಟ್ಟ ಮುಟ್ಟಬಹುದು. ಗಿಡದ ಬೆಳವಣಿಗೆ ಬಹುಮಟ್ಟಿಗೆ ಹೊಂದಿಕೊಂಡಿರುವುದು ದಿನದ ಮೊತ್ತಕ್ಕೆ. ಪಿಪಿಎಫ್‌ಡಿಯನ್ನು ಬೆಳಕಿರುವ ಗಂಟೆಗಳಿಂದ ಗುಣಿಸಿ, ಬಂದದ್ದನ್ನು 0.0036ರಿಂದ ಗುಣಿಸಿದರೆ ಡಿಎಲ್‌ಐ ಸಿಗುತ್ತದೆ.

ಮೋಡವಿಲ್ಲದ ನಡುಹಗಲಿನ ನೇರ ಬಿಸಿಲಿನಲ್ಲಿ ಪಿಪಿಎಫ್‌ಡಿ ಸುಮಾರು 2000 ಇರುತ್ತದೆ. ದೀಪದ ಕೆಳಗೆ ಅಷ್ಟನ್ನು ಮುಟ್ಟಬೇಕೆಂದು ಯಾರೂ ಹಟ ಹಿಡಿಯಬೇಕಾಗಿಲ್ಲ. ಸೂರ್ಯ ಆ ತೀವ್ರತೆಯಲ್ಲಿರುವುದು ದಿನದ ಕೆಲವೇ ಗಂಟೆ. ದೀಪವಾದರೋ ಹೊತ್ತಿಸಿದ ಕ್ಷಣದಿಂದ ಆರಿಸುವವರೆಗೆ ಒಂದೇ ಸಮನೆ ಬೆಳಕು ಕೊಡುತ್ತದೆ.

ಗಿಡ ಕೇಳುವ ಬೆಳಕು

ನೆರಳು ಬಯಸುವ ಅಲಂಕಾರದ ಗಿಡಗಳಿಗೆ ದಿನಕ್ಕೆ 4ರಿಂದ 8 ಮೋಲ್ ಸಾಕು. ಸಸಿಮಡಿಯ ಎಳೆಯ ಸಸಿಗಳಿಗೆ 6ರಿಂದ 12 ಮೋಲ್‌ನಷ್ಟು ಕೊಡಬಹುದು. ಲೆಟ್ಯೂಸ್, ತುಳಸಿ ಜಾತಿಯ ಬೇಸಿಲ್ ಮುಂತಾದ ಸೊಪ್ಪಿನ ಗಿಡಗಳು 12ರಿಂದ 17 ಮೋಲ್ ಸಿಕ್ಕರೆ ತುಂಬಿಕೊಂಡು ಬೆಳೆಯುತ್ತವೆ. ಟೊಮೆಟೊ, ಮೆಣಸಿನಕಾಯಿ, ಸೌತೆಗಳಿಗೆ 20ರಿಂದ 30 ಮೋಲ್ ಬೇಕು. ಈ ಅಂಕಿಗಳನ್ನು ಕಲ್ಲಿನ ಮೇಲಿನ ಬರಹವೆಂದು ತಿಳಿಯಬಾರದು. ತಳಿ, ತಾಪಮಾನ, ನೀರು ಗೊಬ್ಬರಗಳ ಮೇಲೆ ಅವು ಅತ್ತಿತ್ತ ಆಗುತ್ತವೆ. ಆದರೆ ದೀಪ ಆಯ್ದುಕೊಳ್ಳಲು ಇಷ್ಟು ಖಚಿತತೆ ಸಾಕು.

ದಿನದ ಮೊತ್ತ ತುಂಬಲು ದೀಪವನ್ನು ಹೆಚ್ಚು ಹೊತ್ತು ಉರಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಒಂದು ಮಿತಿಯವರೆಗೆ ಅದು ಸರಿ, ಮಾತ್ರವಲ್ಲ, ಜಾಣತನವೂ ಹೌದು: ಸಣ್ಣ ದೀಪವನ್ನು 16 ಗಂಟೆ ಉರಿಸುವುದು ದೊಡ್ಡ ದೀಪವನ್ನು 10 ಗಂಟೆ ಉರಿಸುವುದಕ್ಕಿಂತ ಕೊಳ್ಳುವಾಗ ಅಗ್ಗ, ಮತ್ತು ಕಡಿಮೆ ತೀವ್ರತೆಯ ಬೆಳಕನ್ನು ಎಲೆ ಹೆಚ್ಚು ದಕ್ಷವಾಗಿ ಬಳಸಿಕೊಳ್ಳುತ್ತದೆ. ಆದರೆ ಎರಡು ಅಡ್ಡಿಗಳಿವೆ. ಮೊದಲನೆಯದು, ಕೆಲವು ಗಿಡಗಳಿಗೆ ಕತ್ತಲೆಯೂ ಬೇಕು. ಟೊಮೆಟೊ ಗಿಡಕ್ಕೆ ಇಪ್ಪತ್ತನಾಲ್ಕು ಗಂಟೆಯೂ ಬೆಳಕು ಕೊಟ್ಟರೆ ಎಲೆಗಳು ಮಚ್ಚೆಮಚ್ಚೆಯಾಗಿ ಹಳದಿಗಟ್ಟಿ ಹಾಳಾಗುತ್ತವೆ. ಎರಡನೆಯದು, ಹಲವು ಗಿಡಗಳು ಹೂ ಬಿಡುವ ಕಾಲವನ್ನು ಇರುಳಿನ ಉದ್ದದಿಂದ ಅರಿಯುತ್ತವೆ. ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಈ ಗುಣವನ್ನು ವಿವರಿಸಿದರು. ಸೇವಂತಿಗೆ ಮತ್ತು ಪಾಯಿನ್‌ಸೆಟಿಯಾಗಳಿಗೆ ದೀರ್ಘವಾದ, ನಡುವೆ ಕಡಿಯದ ಕತ್ತಲು ಸಿಗದಿದ್ದರೆ ಮೊಗ್ಗು ಮೂಡುವುದಿಲ್ಲ. ಪಾಲಕ್‌ಗೆ ದಿನ ಉದ್ದವಾದರೆ ಎಲೆ ಕೊಡುವುದನ್ನು ಬಿಟ್ಟು ಹೂದಂಟು ಏಳುತ್ತದೆ. ಹೀಗಾಗಿ ಬೆಳಕಿನ ಗಂಟೆಗಳನ್ನು ಗಿಡವೇ ನಿಗದಿ ಮಾಡುತ್ತದೆ. 12 ಗಂಟೆಗೆ ಮೀರಿ ಬೆಳಕು ಕೊಡಲಾಗದ ಗಿಡವನ್ನು ಆರಿಸಿಕೊಂಡವರು ಅದೇ ಮೊತ್ತವನ್ನು ಕಡಿಮೆ ಹೊತ್ತಿನಲ್ಲಿ ತುಂಬಲು ಹೆಚ್ಚು ಪ್ರಖರವಾದ ದೀಪವನ್ನೇ ಕೊಳ್ಳಬೇಕಾಗುತ್ತದೆ.

ಮೇಲಿನ ಮಿತಿಯೂ ಇದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 420 ಭಾಗ. ಅಷ್ಟರಲ್ಲೇ ಬೆಳೆಯುವ ಗಿಡಕ್ಕೆ 1000ಕ್ಕಿಂತ ಹೆಚ್ಚಿನ ಪಿಪಿಎಫ್‌ಡಿ ಕೊಟ್ಟರೂ, ಸೇರಿಸಿದ ಬೆಳಕಿಗೆ ತಕ್ಕ ಬೆಳವಣಿಗೆ ಸಿಗುವುದಿಲ್ಲ. ಮುಚ್ಚಿದ ಕೋಣೆಗೆ ಆ ಅನಿಲವನ್ನು ಅಳತೆಯಿಟ್ಟು ಪೂರೈಸುವ ದೊಡ್ಡ ಬೆಳೆಗಾರರ ಮಾತು ಬೇರೆ. ಉಳಿದವರು 300ರಿಂದ 800ರ ನಡುವೆ ಯೋಜನೆ ಹಾಕಿಕೊಳ್ಳುವುದು ಒಳ್ಳೆಯದು.

ಒಂದು ಪಾತಿಯ ಲೆಕ್ಕ

1.2 ಮೀಟರ್ ಉದ್ದ, ಅಷ್ಟೇ ಅಗಲದ ಜಾಗದಲ್ಲಿ ಟೊಮೆಟೊ ಬೆಳೆಸಬೇಕು ಎಂದುಕೊಳ್ಳೋಣ. ಜಾಗದ ವಿಸ್ತೀರ್ಣ 1.44 ಚದರ ಮೀಟರ್. ದಿನಕ್ಕೆ 25 ಮೋಲ್ ಗುರಿ, 16 ಗಂಟೆ ಬೆಳಕು. 16 ಗಂಟೆಯನ್ನು 0.0036ರಿಂದ ಗುಣಿಸಿದರೆ 0.0576; 25ನ್ನು ಅದರಿಂದ ಭಾಗಿಸಿದರೆ ಸುಮಾರು 434. ಇದು ಎಲೆಗಳ ಮೇಲೆ ಸರಾಸರಿ ಇರಬೇಕಾದ ಪಿಪಿಎಫ್‌ಡಿ. ಇದನ್ನು 1.44ರಿಂದ ಗುಣಿಸಿದರೆ ಇಡೀ ಪಾತಿಗೆ ಸೆಕೆಂಡಿಗೆ 625 ಮೈಕ್ರೋಮೋಲ್ ಬೇಕೆಂದಾಯಿತು. ದೀಪದಿಂದ ಹೊರಟ ಬೆಳಕೆಲ್ಲ ಗಿಡದ ಮೇಲೇ ಬೀಳುವುದಿಲ್ಲ. ಗೋಡೆಗೆ, ನಡುವಿನ ಹಾದಿಗೆ ಹೋದದ್ದನ್ನು ಕಳೆದು ನೂರರಲ್ಲಿ ಎಂಬತ್ತು ಭಾಗ ತಲುಪುತ್ತದೆಂದು ಹಿಡಿದರೆ, ದೀಪದ ಪಿಪಿಎಫ್ ಸುಮಾರು 780 ಇರಬೇಕು. ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದಿದ್ದರೆ ಈ ಎಂಬತ್ತರ ಅಂದಾಜು ನಿಲ್ಲುತ್ತದೆ. ಸುತ್ತ ತೆರೆದ ಜಾಗವಿದ್ದರೆ ಅರವತ್ತೈದು, ಎಪ್ಪತ್ತೆಂದು ಹಿಡಿಯುವುದು ಮೇಲು.

ಈಗ ವ್ಯಾಟ್‌ಗೆ ಬರಬಹುದು. ದೀಪ ತಿನ್ನುವ ಪ್ರತಿ ಜೂಲ್ ವಿದ್ಯುತ್ತಿಗೆ ಎಷ್ಟು ಮೈಕ್ರೋಮೋಲ್ ಬೆಳಕು ಕೊಡುತ್ತದೆ ಎಂಬುದೇ ಅದರ ದಕ್ಷತೆ; ಒಂದು ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. ಜೂಲ್‌ಗೆ 2.6 ಮೈಕ್ರೋಮೋಲ್ ಕೊಡುವ ಎಲ್‌ಇಡಿ ಆದರೆ 780 ಮೈಕ್ರೋಮೋಲ್‌ಗೆ 300 ವ್ಯಾಟ್ ಸಾಕು. 1.7 ಕೊಡುವ ಒಳ್ಳೆಯ ಸೋಡಿಯಂ ದೀಪವಾದರೆ 460 ವ್ಯಾಟ್ ಬೇಕು. 1.2 ಕೊಡುವ ಹಳೆಯ ಮಾದರಿಯದಾದರೆ 650 ವ್ಯಾಟ್. ಮೂರರ ಅಡಿಯಲ್ಲೂ ಗಿಡಕ್ಕೆ ಸಿಗುವ ಬೆಳಕು ಒಂದೇ. ‘ಚದರ ಅಡಿಗೆ ಇಷ್ಟು ವ್ಯಾಟ್’ ಎಂದು ಎಲ್ಲೆಡೆ ಕೇಳಿಬರುವ ಸೂತ್ರವನ್ನು ನಾನು ಬಿಟ್ಟುಬಿಡಿ ಎನ್ನುವುದು ಈ ಕಾರಣಕ್ಕೇ. ಅದೇ ಪಾತಿಯಲ್ಲಿ 14 ಮೋಲ್ ಗುರಿಯಿಟ್ಟು ಲೆಟ್ಯೂಸ್ ಬೆಳೆಸುವವರಿಗೆ ಅದೇ ಎಲ್‌ಇಡಿಯ ಸುಮಾರು 170 ವ್ಯಾಟ್ ಸಾಕಾಗುತ್ತದೆ. ಗಿಡ ಬದಲಾದರೆ ದೀಪ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ದೀಪದ ಬಗೆಗಳು

ಪ್ರಖರ ದೀಪಗಳೆಂದರೆ ಬಹಳ ಕಾಲ ಅಧಿಕ ಒತ್ತಡದ ಸೋಡಿಯಂ ದೀಪ ಮತ್ತು ಮೆಟಲ್ ಹ್ಯಾಲೈಡ್ ದೀಪ ಎಂದೇ ಅರ್ಥವಿತ್ತು. ಎರಡೂ ಅನಿಲದಲ್ಲಿ ವಿದ್ಯುತ್ ಹರಿಸಿ ಬೆಳಕು ಪಡೆಯುವಂಥವು, ಎರಡಕ್ಕೂ ಬ್ಯಾಲಾಸ್ಟ್, ಅಂದರೆ ಬಲ್ಬ್‌ಗೆ ಹರಿಯುವ ಕರೆಂಟನ್ನು ಹತೋಟಿಯಲ್ಲಿಡುವ ಸಾಧನ, ಬೇಕು. ಸೋಡಿಯಂ ದೀಪದ ಬೆಳಕು ಹೊನ್ನಿನ ಹಳದಿ. ಅದರಲ್ಲಿ ನೀಲಿ ಬಹಳ ಕಡಿಮೆಯಾದ್ದರಿಂದ ಅದರಡಿ ಬೆಳೆದ ಎಳೆಯ ಗಿಡಗಳ ಗೆಣ್ಣುಗಳ ನಡುವಿನ ಅಂತರ ಹೆಚ್ಚಾಗಿ ಕಾಂಡ ನೀಳವಾಗುತ್ತದೆ. ಮೆಟಲ್ ಹ್ಯಾಲೈಡ್‌ನದು ನೀಲಿಛಾಯೆಯ ಬಿಳಿ ಬೆಳಕು. ಗಿಡ ಗಿಡ್ಡವಾಗಿ ದಟ್ಟವಾಗಿ ಬೆಳೆಯುತ್ತದೆ, ಆದರೆ ದಕ್ಷತೆ ಕಡಿಮೆ, ಮಂಕಾಗುವುದೂ ಬೇಗ. ಬೆಳೆಯುವಾಗ ಒಂದು, ಹೂ ಬಿಡುವಾಗ ಇನ್ನೊಂದು ಎಂದು ದೀಪ ಬದಲಿಸುವ ರೂಢಿ ಹುಟ್ಟಿದ್ದು ಇದರಿಂದ. ಇವೆರಡರ ನಡುವೆ ನಿಲ್ಲುವ ಸೆರಾಮಿಕ್ ಮೆಟಲ್ ಹ್ಯಾಲೈಡ್ ಸಾಮಾನ್ಯವಾಗಿ 315 ವ್ಯಾಟ್‌ನಲ್ಲಿ ಬರುತ್ತದೆ. ಬಣ್ಣದ ಹರವು ಚೆನ್ನಾಗಿದೆ.

ಈ ದೀಪಗಳ ಬಳಕೆಯಲ್ಲಿ ಕೆಲವು ಎಚ್ಚರಗಳಿವೆ. ಬ್ಯಾಲಾಸ್ಟ್ ಮತ್ತು ಬಲ್ಬ್ ಒಂದೇ ಬಗೆಯವು, ಒಂದೇ ವ್ಯಾಟ್‌ನವು ಆಗಿರಬೇಕು. ಕರೆಂಟ್ ಹೋಗಿ ತಕ್ಷಣ ಬಂದರೂ ಬಿಸಿಯಾದ ಬಲ್ಬ್ ಕೂಡಲೇ ಹೊತ್ತಿಕೊಳ್ಳುವುದಿಲ್ಲ. ತಣಿಯಲು ಕೆಲವು ನಿಮಿಷ ಬೇಕು, ಮೆಟಲ್ ಹ್ಯಾಲೈಡ್‌ಗೆ ಇನ್ನೂ ಹೆಚ್ಚು. ಕರೆಂಟ್ ಆಗಾಗ ಹೋಗುವ ಕಡೆ ಇದು ಸಣ್ಣ ತೊಂದರೆಯಲ್ಲ. ಎರಡೂ ತುದಿಯಲ್ಲಿ ಜೋಡಿಸುವ ಬಲ್ಬ್‌ಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಹಾಳಾಗುತ್ತದೆ. ಮೆಟಲ್ ಹ್ಯಾಲೈಡ್‌ನ ಹೊರಗಾಜು ಒಡೆದಿದ್ದೂ ದೀಪ ಉರಿಯುತ್ತಿದ್ದರೆ ಅತಿನೇರಳೆ ಕಿರಣಗಳು ನೇರವಾಗಿ ಹೊರಬಂದು ಕಣ್ಣು, ಚರ್ಮಗಳನ್ನು ಸುಡುತ್ತವೆ; ಅಂಥ ದೀಪವನ್ನು ಒಡನೆ ಆರಿಸಬೇಕು.

ಇಂದು ಹೊಸದಾಗಿ ಹೂಡುವವರಿಗೆ ಎಲ್‌ಇಡಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಖರ ನೀಲಿ ಎಲ್‌ಇಡಿ 1990ರ ದಶಕದ ಆರಂಭದಲ್ಲಿ ಸಿದ್ಧವಾದ ಮೇಲೆಯೇ ಬಿಳಿ ಎಲ್‌ಇಡಿ ಸಾಧ್ಯವಾಯಿತು. ಆ ಕೆಲಸಕ್ಕೆ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಸಂದಿತು. ಒಳ್ಳೆಯ ತಯಾರಿಕೆಯ ಎಲ್‌ಇಡಿ ದೀಪಗಳು ಈಗ ಜೂಲ್‌ಗೆ 2.5ರಿಂದ 3 ಮೈಕ್ರೋಮೋಲ್ ಕೊಡುತ್ತವೆ. ಬೆಳಕನ್ನು ಬೇಕಾದಷ್ಟಕ್ಕೆ ಇಳಿಸಬಹುದು, ಬಲ್ಬ್ ಬದಲಿಸುವ ಗೋಜಿಲ್ಲ, ಬೆಳಕು ಉದ್ದುದ್ದ ಪಟ್ಟಿಗಳಲ್ಲಿ ಹರಡಿಕೊಳ್ಳುವುದರಿಂದ ಗಿಡಕ್ಕೆ ಹತ್ತಿರವೂ ತೂಗುಹಾಕಬಹುದು. ಸೋಡಿಯಂ ದೀಪವನ್ನು ಉಳಿಸಿಕೊಳ್ಳಲು ನ್ಯಾಯವಾದ ಕಾರಣ ಎರಡೇ: ಅದು ಈಗಾಗಲೇ ಕೈಯಲ್ಲಿದೆ, ಅಥವಾ ಚಳಿಯ ಕೋಣೆಗೆ ಅದರ ಶಾಖವೂ ಬೇಕಾಗಿದೆ. ಟ್ಯೂಬ್‌ಲೈಟ್ ಸಸಿಗಳಿಗೆ ಸಾಕು, ಕಾಯಿಗಿಡಗಳಿಗೆ ಸಾಲದು.

ಬೆಳಕಿನ ಬಣ್ಣದ ವಿಚಾರ

ಎಲೆಯಿಂದ ಬೇರ್ಪಡಿಸಿದ ಪತ್ರಹರಿತ್ತು ನೀಲಿ ಮತ್ತು ಕೆಂಪನ್ನು ಹೆಚ್ಚಾಗಿ ಹೀರುತ್ತದೆ ಎಂಬುದನ್ನು ನೋಡಿ, ಗಿಡಕ್ಕೆ ಆ ಎರಡೇ ಬಣ್ಣ ಸಾಕೆಂಬ ನಂಬಿಕೆ ಬೆಳೆಯಿತು. ಗುಲಾಬಿನೇರಳೆ ಬಣ್ಣದಲ್ಲಿ ಉರಿಯುವ ದೀಪಗಳು ಬಂದದ್ದು ಹಾಗೆ. ಆದರೆ ಸಸ್ಯವಿಜ್ಞಾನಿ ಕೀತ್ ಮೆಕ್‌ಕ್ರೀ 1972ರಲ್ಲಿ ಇಡೀ ಎಲೆಗಳನ್ನೇ ಇಟ್ಟು ಅಳೆದಾಗ, ಹಸಿರು ಬೆಳಕಿನಿಂದಲೂ ದ್ಯುತಿಸಂಶ್ಲೇಷಣೆ ಚೆನ್ನಾಗಿಯೇ ನಡೆಯುವುದು ಕಂಡಿತು. ಹಸಿರು ಬೆಳಕು ಎಲೆಯ ಒಳಪದರಗಳಿಗೂ, ಮೇಲಿನ ಎಲೆಗಳನ್ನು ದಾಟಿ ಕೆಳಗಿನ ಎಲೆಗಳಿಗೂ ಇಳಿಯುತ್ತದೆ. ಆದ್ದರಿಂದ ಬಿಳಿ ಎಲ್‌ಇಡಿಯ ಜೊತೆಗೆ 660 ನ್ಯಾನೋಮೀಟರ್‌ನ ಕೆಂಪು ಸೇರಿಸಿದ ದೀಪ ಬಹುಪಾಲು ಗಿಡಗಳಿಗೆ, ಮೊಳಕೆಯಿಂದ ಕಾಯಿಯವರೆಗೆ, ಒಂದೇ ಆಗಿ ಸಲ್ಲುತ್ತದೆ. ಬಿಳಿ ಬೆಳಕಿನ ಇನ್ನೊಂದು ಲಾಭವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ: ಅದರಲ್ಲಿ ಗಿಡದ ನಿಜವಾದ ಬಣ್ಣ ಕಾಣುತ್ತದೆ. ನೇರಳೆ ಬೆಳಕಿನಡಿ ಎಲೆಯೆಲ್ಲ ಕಪ್ಪಾಗಿ ತೋರುವುದರಿಂದ ಎಲೆಯಡಿಯ ಜೇಡನುಸಿ, ಅಂಚಿನ ಹಳದಿ, ಬೂದಿರೋಗದ ಮೊದಲ ಚುಕ್ಕೆ ಇವು ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಒಟ್ಟು ಫೋಟಾನ್‌ಗಳಲ್ಲಿ ನೀಲಿಯ ಪಾಲು ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟಿದ್ದರೆ ಗಿಡ ಗಟ್ಟಿಯಾಗಿ ಬೆಳೆಯುತ್ತದೆ. 730 ನ್ಯಾನೋಮೀಟರ್ ಸುತ್ತಲಿನ ದೂರಕೆಂಪು ಬೆಳಕು ಎಲೆಯನ್ನು ಅಗಲ ಮಾಡುತ್ತದೆ, ಕಾಂಡವನ್ನೂ ನೀಳ ಮಾಡುತ್ತದೆ. ಲೆಟ್ಯೂಸ್‌ಗೆ ಸ್ವಲ್ಪ ಒಳ್ಳೆಯದು, ಸಸಿಗಳಿಗೆ ಬೇಡ. ಅತಿನೇರಳೆಯ ಹೆಸರಿನಲ್ಲಿ ಹೆಚ್ಚು ಹಣ ಕೊಡಬೇಕಾಗಿಲ್ಲ, ಸಾಧಾರಣ ಬೆಳೆಗೆ ಅದು ಅಗತ್ಯವಿಲ್ಲ.

ಪೆಟ್ಟಿಗೆಯ ಮೇಲಿನ ಬರಹ ಓದುವ ಬಗೆ

ಮಾರಾಟದ ಹೆಸರಿನಲ್ಲೇ ‘1000’ ಅಥವಾ ‘2000’ ಎಂಬ ಅಂಕಿ ಇರುವ ಎಲ್‌ಇಡಿಗಳು ಬಹಳ. ಆ ದೀಪವನ್ನು ಪ್ಲಗ್‌ಗೆ ಸಿಕ್ಕಿಸುವ ಒಂದು ವ್ಯಾಟ್‌ಮೀಟರ್ ಮೂಲಕ ಹೊತ್ತಿಸಿ ನೋಡಿದರೆ 100 ಅಥವಾ 200 ವ್ಯಾಟ್ ಮಾತ್ರ ತೋರಿಸುವುದುಂಟು. ಹೆಸರಿನಲ್ಲಿರುವುದು ಎಲ್‌ಇಡಿ ಬಿಂದುಗಳ ಗರಿಷ್ಠ ಸಾಮರ್ಥ್ಯವನ್ನು ಕೂಡಿಸಿ ಬಂದ ಮೊತ್ತ, ಇಲ್ಲವೇ ಯಾವುದೋ ಹಳೆಯ ದೀಪಕ್ಕೆ ‘ಸಮಾನ’ ಎಂಬ ಹೇಳಿಕೆ. ಗಿಡಕ್ಕೂ ಬಿಲ್ಲಿಗೂ ಸಂಬಂಧಪಟ್ಟದ್ದು ದೀಪ ನಿಜವಾಗಿ ಎಳೆಯುವ ವ್ಯಾಟ್ ಒಂದೇ. ವಿವರಪತ್ರದಲ್ಲಿ ಈ ನಿಜವಾದ ವ್ಯಾಟ್, ಪಿಪಿಎಫ್, ದಕ್ಷತೆ ಮೂರೂ ಇರಬೇಕು. ಮೂರೂ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಬಹುದು: ಪಿಪಿಎಫ್ ಅನ್ನು ವ್ಯಾಟ್‌ನಿಂದ ಭಾಗಿಸಿದಾಗ ಅವರೇ ಬರೆದ ದಕ್ಷತೆ ಬರಬೇಕು. ಬಾರದಿದ್ದರೆ ಆ ದೀಪವನ್ನು ಅಲ್ಲಿಗೇ ಬಿಡುವುದು ಲೇಸು. ಎಲ್‌ಇಡಿ ಬಿಂದುವೊಂದರ ದಕ್ಷತೆಯನ್ನೇ ಇಡೀ ದೀಪದ ದಕ್ಷತೆಯೆಂದು ಬರೆಯುವುದೂ ಉಂಟು. ಎಲ್‌ಇಡಿಗೆ ತಕ್ಕ ವಿದ್ಯುತ್ ಪೂರೈಸುವ ಡ್ರೈವರ್‌ನಲ್ಲಿ, ಮುಸುಕಿನ ಗಾಜಿನಲ್ಲಿ ಆಗುವ ನಷ್ಟವನ್ನು ಆ ಅಂಕಿ ಹೇಳುವುದಿಲ್ಲ.

ನಂತರ ನೋಡಬೇಕಾದದ್ದು ಪಿಪಿಎಫ್‌ಡಿ ನಕ್ಷೆ, ಅಂದರೆ ದೀಪದ ಕೆಳಗಿನ ಜಾಗವನ್ನು ಚೌಕಗಳಾಗಿ ಗೀರಿ ಪ್ರತಿ ಚೌಕದಲ್ಲಿ ಅಳೆದು ಬರೆದ ಚಿತ್ರ. ನಕ್ಷೆಯಿಲ್ಲದೆ ಬರೇ ನಡುಮಧ್ಯದ ಅಂಕಿಯೊಂದನ್ನೇ ದೊಡ್ಡದಾಗಿ ಬರೆದಿದ್ದರೆ ಅದನ್ನು ನಂಬಿ ಲೆಕ್ಕ ಹಾಕಲಾಗದು. ನಡುವೆ 900, ಮೂಲೆಗಳಲ್ಲಿ 250 ಇರುವ ದೀಪದ ಸರಾಸರಿ ಚೆನ್ನಾಗಿಯೇ ಕಾಣಬಹುದು. ಆದರೆ ನಡುವಿನ ಗಿಡ ಸುಡುತ್ತದೆ, ಮೂಲೆಯ ಗಿಡ ಸೊರಗುತ್ತದೆ. ಮೂಲೆಯ ಅಂಕಿ ನಡುವಿನ ಅಂಕಿಯ ಅರ್ಧಕ್ಕಿಂತ ಕೆಳಗಿಳಿಯದ ದೀಪವನ್ನು ಆಯ್ದುಕೊಳ್ಳಿ. ಒಂದೇ ಚೌಕಾಕಾರದ ದೊಡ್ಡ ಫಲಕಕ್ಕಿಂತ ನಾಲ್ಕಾರು ಪಟ್ಟಿಗಳಾಗಿ ಹರಡಿದ ದೀಪ ಈ ವಿಷಯದಲ್ಲಿ ಹೆಚ್ಚಾಗಿ ಗೆಲ್ಲುತ್ತದೆ. ನಕ್ಷೆಯನ್ನು ಎಷ್ಟು ಎತ್ತರದಲ್ಲಿ, ಗೋಡೆಯಿದ್ದ ಗೂಡಿನಲ್ಲೋ ತೆರೆದ ಜಾಗದಲ್ಲೋ ಅಳೆದದ್ದು ಎಂದೂ ನೋಡಬೇಕು.

ಬಾಳಿಕೆಯನ್ನು ಎಲ್90 ಅಥವಾ ಕ್ಯೂ90 ಎಂದು ಸೂಚಿಸುತ್ತಾರೆ. ಆರಂಭದ ಬೆಳಕು ನೂರಕ್ಕೆ ತೊಂಬತ್ತಕ್ಕೆ ಇಳಿಯುವವರೆಗಿನ ಗಂಟೆಗಳು ಎಂದು ಅದರ ಅರ್ಥ. 50,000 ಗಂಟೆಯೆಂದರೆ ದಿನಕ್ಕೆ 16 ಗಂಟೆಯಂತೆ ಎಂಟೂವರೆ ವರ್ಷ. ಆದರೆ ಎಲ್‌ಇಡಿಗಿಂತ ಮೊದಲು ಕೆಡುವುದು ಹೆಚ್ಚಾಗಿ ಡ್ರೈವರ್. ಅದನ್ನು ಬಿಚ್ಚಿ ಬೇರೆ ಹಾಕಲು ಸಾಧ್ಯವೇ, ಅದಕ್ಕೆಷ್ಟು ವರ್ಷದ ವಾರಂಟಿ ಎಂದು ಕೇಳಿ. ತೇವ ಇರುವ ಜಾಗವಾದ್ದರಿಂದ ಐಪಿ65 ದರ್ಜೆಯದಾದರೆ ದೂಳು, ನೀರಿನ ಸಿಡಿತಗಳಿಂದ ಚಿಂತೆಯಿಲ್ಲ.

ಶಾಖ ಮತ್ತು ವಿದ್ಯುತ್ತು

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬ ಮಾತು ಅರ್ಧಸತ್ಯ. ದೀಪ ಎಳೆದ ಪ್ರತಿ ವ್ಯಾಟ್ ಕೊನೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಕೋಣೆಯ ಶಾಖವೇ ಆಗುತ್ತದೆ, ದೀಪ ಯಾವುದಾದರೂ ಸರಿ. 300 ವ್ಯಾಟ್ ಎಂದರೆ ಗಂಟೆಗೆ ಸುಮಾರು 1,024 ಬಿಟಿಯು (ಇದು ಶಾಖದ ಅಳತೆ). ಒಂದು ಟನ್‌ನ ಎಸಿ ಗಂಟೆಗೆ 12,000 ಬಿಟಿಯು ಹೊರಹಾಕುತ್ತದೆ. ವ್ಯತ್ಯಾಸವಿರುವುದು ಶಾಖ ಹೋಗುವ ದಾರಿಯಲ್ಲಿ. ಸೋಡಿಯಂ ದೀಪ ಅದರ ಬಹುಭಾಗವನ್ನು ಅವಕೆಂಪು ಕಿರಣಗಳಾಗಿ ನೇರ ಎಲೆಯ ಮೇಲೆಯೇ ಸುರಿಯುತ್ತದೆ. ಎಲ್‌ಇಡಿ ಹಿಂಬದಿಯ ಲೋಹದ ರೆಕ್ಕೆಗಳ ಮೂಲಕ ಗಾಳಿಗೆ ಬಿಡುತ್ತದೆ. ಹೀಗಾಗಿ ಕೋಣೆಯ ತಾಪ ಒಂದೇ ಇದ್ದರೂ ಎಲ್‌ಇಡಿಯ ಅಡಿಯ ಎಲೆ ತಂಪಾಗಿರುತ್ತದೆ, ನೀರು ಕಡಿಮೆ ಆವಿಯಾಗುತ್ತದೆ. ಸೋಡಿಯಂ ದೀಪದಿಂದ ಎಲ್‌ಇಡಿಗೆ ಬಂದವರು ಕೋಣೆಯನ್ನು ಒಂದೆರಡು ಡಿಗ್ರಿ ಬೆಚ್ಚಗಿಟ್ಟು, ನೀರನ್ನು ಮೊದಲಿಗಿಂತ ಕಡಿಮೆ ಮಾಡಬೇಕಾಗುತ್ತದೆ.

ಖರ್ಚಿನ ಲೆಕ್ಕ ಸರಳ. 300 ವ್ಯಾಟ್ 16 ಗಂಟೆ ಉರಿದರೆ ದಿನಕ್ಕೆ 4.8 ಯೂನಿಟ್, 30 ದಿನಕ್ಕೆ 144 ಯೂನಿಟ್. ಅದೇ ಬೆಳಕಿಗೆ 460 ವ್ಯಾಟ್‌ನ ಸೋಡಿಯಂ ದೀಪ 221 ಯೂನಿಟ್ ಸುಡುತ್ತದೆ. ತಿಂಗಳಿಗೆ ಉಳಿಯುವ 77 ಯೂನಿಟ್‌ಗಳನ್ನು ನಿಮ್ಮಲ್ಲಿನ ದರದಿಂದ ಗುಣಿಸಿ, ಎರಡು ದೀಪಗಳ ಬೆಲೆಯ ಅಂತರವನ್ನು ಅದರಿಂದ ಭಾಗಿಸಿದರೆ ಹೆಚ್ಚು ಕೊಟ್ಟ ಹಣ ಎಷ್ಟು ತಿಂಗಳಲ್ಲಿ ಮರಳುತ್ತದೆ ಎಂದು ತಿಳಿಯುತ್ತದೆ. ಎಸಿ ಹಾಕಿದ ಕೋಣೆಯಾದರೆ ಆ ಉಳಿತಾಯ ಇನ್ನೂ ದೊಡ್ಡದು.

ವೈರಿಂಗ್ ವಿಷಯದಲ್ಲಿ ಒಂದಿಷ್ಟೂ ಸಡಿಲ ಬಿಡಬಾರದು. ಗಂಟೆಗಟ್ಟಲೆ ನಿರಂತರ ಉರಿಯುವ ಹೊರೆ ಆ ಸರ್ಕ್ಯೂಟ್‌ನ ಸಾಮರ್ಥ್ಯದ ನೂರಕ್ಕೆ ಎಂಬತ್ತು ಭಾಗವನ್ನು ದಾಟದಿರಲಿ. ಹೊತ್ತುವ ಕ್ಷಣದಲ್ಲಿ ಈ ದೀಪಗಳು ಸಾಮಾನ್ಯಕ್ಕಿಂತ ಬಹಳ ಹೆಚ್ಚು ಕರೆಂಟ್ ಎಳೆಯುವುದರಿಂದ ಅಗ್ಗದ ಟೈಮರ್‌ನ ಸಂಪರ್ಕಬಿಂದುಗಳು ಬೆಸೆದುಕೊಂಡು ದೀಪ ಆರದೇ ಉಳಿಯಬಹುದು. ಹಲವು ದೀಪಗಳಿದ್ದರೆ ಟೈಮರ್ ಒಂದು ಕಾಂಟ್ಯಾಕ್ಟರ್ ಅನ್ನು (ದೊಡ್ಡ ಹೊರೆಯನ್ನು ತಾಳುವ ವಿದ್ಯುತ್ ಸ್ವಿಚ್) ಮಾತ್ರ ನಡೆಸುವಂತೆ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ. ಅರ್ತಿಂಗ್ ಇರಲೇಬೇಕು, ಸೋರಿಕೆಗೆ ಕಡಿದುಹೋಗುವ ಬ್ರೇಕರ್ ಇರಲೇಬೇಕು. ವೈರು ಸಾಕೆಟ್‌ಗೆ ಹೋಗುವ ಮುನ್ನ ಕೆಳಗೆ ಜೋಲಿ ಮತ್ತೆ ಮೇಲೇರುವಂತಿದ್ದರೆ ಅದರ ಮೇಲೆ ಇಳಿದ ನೀರು ಸಾಕೆಟ್‌ಗೆ ಸೇರದೆ ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ.

ತೂಗುಹಾಕಿದ ಮೇಲೆ

ದೀಪ ಎಷ್ಟು ಎತ್ತರದಲ್ಲಿರಬೇಕೆಂಬುದನ್ನು ತಯಾರಕರ ಸೂಚನೆಯಿಂದ ಆರಂಭಿಸಿ ಅಳತೆಯಿಂದ ಸರಿಪಡಿಸಬೇಕು. ಎಲೆಯ ಮಟ್ಟದಲ್ಲಿ ಅಂಗೈಯ ಹಿಂಬದಿ ಹಿಡಿದು ಬಿಸಿ ನೋಡುವ ಹಳೆಯ ಪದ್ಧತಿ ಸೋಡಿಯಂ ದೀಪಕ್ಕೆ ಸರಿ, ಎಲ್‌ಇಡಿಗೆ ಅಪಾಯಕರ: ಕೈಗೆ ಏನೂ ತಿಳಿಯದಷ್ಟು ತಂಪಾಗಿದ್ದಾಗಲೂ ಎಲ್‌ಇಡಿಯ ಬೆಳಕು ಚಿಗುರನ್ನು ಬಿಳಿಚಿಸಬಲ್ಲದು.

ಅಳೆಯಲು ಪಿಪಿಎಫ್‌ಡಿಯನ್ನೇ ನೇರವಾಗಿ ತೋರಿಸುವ ಕ್ವಾಂಟಮ್ ಸೆನ್ಸರ್ ಸಿಕ್ಕರೆ ಉತ್ತಮ. ಅದು ದುಬಾರಿಯಾದರೆ ಕಣ್ಣಿಗೆ ತೋರುವ ಬೆಳಕನ್ನು ಅಳೆಯುವ ಸಾಧಾರಣ ಲಕ್ಸ್‌ಮೀಟರ್‌ನಿಂದಲೂ ಕೆಲಸವಾಗುತ್ತದೆ. ಬಿಳಿ ಎಲ್‌ಇಡಿಯಡಿ ಬಂದ ಲಕ್ಸ್ ಅನ್ನು ಸುಮಾರು 67ರಿಂದ, ಸೋಡಿಯಂ ದೀಪದಡಿ 82ರಿಂದ, ಬಿಸಿಲಿನಲ್ಲಿ 54ರಿಂದ ಭಾಗಿಸಿದರೆ ಪಿಪಿಎಫ್‌ಡಿಯ ಅಂದಾಜು ಸಿಗುತ್ತದೆ. ನಮ್ಮ ಟೊಮೆಟೊ ಪಾತಿಗೆ ಬೇಕಾದ 434 ಎಂದರೆ ಬಿಳಿ ಎಲ್‌ಇಡಿಯಡಿ ಸುಮಾರು 29,000 ಲಕ್ಸ್. ಕೆಂಪುನೀಲಿ ದೀಪಗಳಡಿ ಲಕ್ಸ್‌ಮೀಟರ್ ಹೇಳುವುದಕ್ಕೆ ಬೆಲೆಯಿಲ್ಲ. ಪಾತಿಯನ್ನು ಒಂಬತ್ತು ಚೌಕವಾಗಿ ಗುರುತಿಸಿಕೊಂಡು, ಮೀಟರಿನ ಬಿಲ್ಲೆಯನ್ನು ಎಲೆಯ ಎತ್ತರದಲ್ಲಿ ಸಮತಲವಾಗಿ ಹಿಡಿದು, ನಿಮ್ಮ ನೆರಳು ಬೀಳದಂತೆ ಪಕ್ಕಕ್ಕೆ ನಿಂತು, ಒಂಬತ್ತೂ ಅಂಕಿಗಳನ್ನು ಬರೆದು ಸರಾಸರಿ ತೆಗೆಯಿರಿ. ದೀಪ ಏರಿಸಿದರೆ ಬೆಳಕು ಸಮನಾಗಿ ಹರಡುತ್ತದೆ, ತೀವ್ರತೆ ತಗ್ಗುತ್ತದೆ, ಇಳಿಸಿದರೆ ತದ್ವಿರುದ್ಧ.

ಹೊಸ ದೀಪದಡಿಗೆ ಬಂದ ಗಿಡಕ್ಕೆ ಮೊದಲ ದಿನವೇ ಪೂರ್ತಿ ಬೆಳಕು ಕೊಡಬಾರದು. ಅರ್ಧಕ್ಕೆ ಇಳಿಸಿ ಆರಂಭಿಸಿ, ಎರಡು ವಾರದಲ್ಲಿ ಮೆಲ್ಲಗೆ ಏರಿಸುತ್ತ ಗುರಿ ಮುಟ್ಟಿಸಿ. ಆ ದಿನಗಳಲ್ಲಿ ತುದಿಯ ಎಲೆಗಳನ್ನು ಹತ್ತಿರದಿಂದ ನೋಡಬೇಕು. ಬೆಳಕು ಹೆಚ್ಚಾದರೆ ದೀಪಕ್ಕೆ ಅತಿ ಹತ್ತಿರದ ಚಿಗುರೆಲೆಗಳು ಬಿಳಿಚುತ್ತವೆ, ಅಂಚುಗಳು ದೋಣಿಯಂತೆ ಮೇಲಕ್ಕೆ ಮಡಚಿಕೊಳ್ಳುತ್ತವೆ. ಅದೇ ಗಿಡದ ಕೆಳಗಿನ, ನೆರಳಿನ ಎಲೆಗಳು ಹಸಿರಾಗಿಯೇ ಇರುತ್ತವೆ. ಮೆಗ್ನೀಷಿಯಂ ಕೊರತೆಯಲ್ಲಿ ಇದಕ್ಕೆ ವಿರುದ್ಧವಾಗಿ ಹಳೆಯ ಕೆಳಎಲೆಗಳಿಂದ ಹಳದಿ ಶುರುವಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಎರಡನ್ನೂ ಒಂದೆಂದು ತಿಳಿದು ಗೊಬ್ಬರ ಸುರಿಯುವವರು ಬಹಳ ಮಂದಿ; ಹಳದಿ ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂಬುದನ್ನು ಮೊದಲು ನೋಡಿ. ಗೆಣ್ಣುಗಳು ದೂರದೂರವಾಗಿ, ಕಾಂಡ ತೆಳ್ಳಗಾಗಿ ದೀಪದತ್ತ ಬಾಗುತ್ತಿದ್ದರೆ ಬೆಳಕು ಸಾಲದು.

ಗಿಡ ಎತ್ತರಕ್ಕೆ ಬೆಳೆದಂತೆ ದೀಪವನ್ನೂ ಏರಿಸುತ್ತ ಹೋಗಬೇಕಾದ್ದರಿಂದ ತೂಗುಹಾಕುವಾಗಲೇ ಎಳೆದು ಬಿಡಬಹುದಾದ ಹಗ್ಗದ ಕೊಕ್ಕೆಗಳನ್ನು ಬಳಸಿ. ತಿಂಗಳಿಗೊಮ್ಮೆ ದೀಪವನ್ನು ಆರಿಸಿ, ತಣಿದ ಮೇಲೆ ಅದರ ಮುಖವನ್ನು ಒಣಬಟ್ಟೆಯಿಂದ ಒರಸಿ. ಅದರಡಿ ದೀರ್ಘ ಹೊತ್ತು ಕೆಲಸ ಮಾಡುವಾಗ ಕಣ್ಣಿಗೆ ಆ ಬೆಳಕಿಗೆಂದೇ ಮಾಡಿದ ಕನ್ನಡಕವಿರಲಿ, ದೀಪವನ್ನು ನೆಟ್ಟ ನೋಟದಿಂದ ನೋಡಬಾರದು. ಆರು ತಿಂಗಳಿಗೊಮ್ಮೆ ಅದೇ ಒಂಬತ್ತು ಚೌಕಗಳಲ್ಲಿ ಅಳೆದು ಹಳೆಯ ಅಂಕಿಗಳ ಪಕ್ಕದಲ್ಲಿ ಬರೆದಿಡಿ: ಸೋಡಿಯಂ ಬಲ್ಬ್‌ನ ಬೆಳಕು ಕಣ್ಣಿಗೆ ಮೊದಲಿನಂತೆಯೇ ಕಂಡರೂ ಸುಮಾರು 10,000 ಗಂಟೆಗಳಲ್ಲಿ ಬದಲಿಸಬೇಕಾದಷ್ಟು ಇಳಿದಿರುತ್ತದೆ, ಅದು ತಿಳಿಯುವುದು ಈ ಪಟ್ಟಿಯಿಂದಲೇ. ತೆಗೆದ ಹಳೆಯ ಬಲ್ಬ್‌ನೊಳಗೆ ಪಾದರಸವಿರುವುದರಿಂದ ಅದನ್ನು ಒಡೆಯದಂತೆ ಸುತ್ತಿ, ಮನೆಯ ಕಸಕ್ಕೆ ಹಾಕದೆ, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಬೇಕು.